ಸಂಶೋಧನೆಯನ್ನು ಅಳೆಯುವ ಕೊಳಗ

ನಮ್ಮ ಕಡೆ ಕಣದಲ್ಲಿ ರಾಗಿ ಅಳೆಯುವ ಹಿರಿಯರು ಮೊದಲ ಕೊಳಗವನ್ನು ‘ಒಂದು’ ಎಂದು ಎಣಿಸುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಆಮೇಲೆ ಎರಡು, ಮೂರು ಎಂದು ಲೆಕ್ಕ ಮುಂದುವರಿಯುತ್ತಿತ್ತು. ಹುಡುಗನಾಗಿದ್ದಾಗ ನನಗೆ ಇದೊಂದು ವಿನೋದವಾಗಿ ಕಾಣುತ್ತಿತ್ತು. ಈಗ ಯೋಚಿಸಿದರೆ ಆ ಪದ್ಧತಿಯಲ್ಲಿ ಒಂದು ವಿವೇಕವಿತ್ತೆಂದು ತೋರುತ್ತದೆ. ಅಳೆಯುವುದು ಸಂಖ್ಯೆಯ ಮೇಲಿನ ಮೋಹದಿಂದಲ್ಲ. ಪಟ್ಟ ಶ್ರಮಕ್ಕೆ ಮನೆಗೆ ಏನು ಬಂತು ಎಂದು ತಿಳಿಯುವುದಕ್ಕಾಗಿ. ಈ ಗುರಿಯನ್ನು ಮರೆತ ಅಳತೆ ಎಷ್ಟು ಸೂಕ್ಷ್ಮವಾಗಿದ್ದರೂ ವ್ಯರ್ಥವೇ ಸರಿ.

ಈ ಹಳೆಯ ನೆನಪು ನನಗೆ ಬಂದುದು ಬೆಂಗಳೂರಿನ ವೈದ್ಯಕೀಯ ಗ್ರಂಥಾಲಯವೊಂದರಲ್ಲಿ ಕುಳಿತಿದ್ದಾಗ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ನನಗೆ ಅಲ್ಲೇನು ಕೆಲಸವಿತ್ತೆಂದು ವಾಚಕರು ಕೇಳಬಹುದು. ಅದನ್ನು ಹೇಳಬೇಕಾದರೆ ನನ್ನ ಊರಿನ ಸಂಗತಿಯನ್ನು ಮೊದಲು ಹೇಳಬೇಕು.

ನನ್ನ ಊರು ಬೈರಮಂಗಲ. ರಾಮನಗರ ತಾಲ್ಲೂಕಿನ ಬಿಡದಿ ಹೋಬಳಿಗೆ ಸೇರಿದ್ದು. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿದಳೆಂದು ಐತಿಹ್ಯವಿರುವ ವೃಷಭಾವತಿಗೆ ಅಡ್ಡಲಾಗಿ 1940ರ ದಶಕದಲ್ಲಿ ಇಲ್ಲಿ ಕೆರೆಯೊಂದನ್ನು ಕಟ್ಟಿದರು. ಕಟ್ಟಿದವರ ಉದ್ದೇಶ ಗದ್ದೆಗಳಿಗೆ ನೀರುಣಿಸುವುದು. ಆ ನೀರಿನಲ್ಲಿ ಈಜಿದವರು, ಅದನ್ನೇ ಕುಡಿದವರು ಊರಿನಲ್ಲಿ ಇನ್ನೂ ಇದ್ದಾರೆ. ಬೆಂಗಳೂರು ಬೆಳೆಯಿತು, ಪೀಣ್ಯದಲ್ಲಿ ಕಾರ್ಖಾನೆಗಳು ಎದ್ದವು. ನಗರದ ಕೊಳಚೆಯೂ ಕಾರ್ಖಾನೆಗಳ ಕಷಾಯವೂ ಕೂಡಿ ವೃಷಭಾವತಿ ಕಪ್ಪಾದಳು. ಕೆರೆಯ ಮೇಲೆ ಬಿಳಿಯ ನೊರೆ ನಿಂತಿತು. ಬತ್ತ ಬೆಳೆಯುತ್ತಿದ್ದ ನೆಲದಲ್ಲಿ ಹಸುವಿನ ಮೇವು, ಎಳೆಜೋಳ, ಹಿಪ್ಪುನೇರಳೆ ಬಂದವು. ರೈತ ಬದುಕಬೇಕಲ್ಲ, ಬಂದ ನೀರನ್ನೇ ಹಾಯಿಸಿದ.

ನೀರು ಕೆಟ್ಟ ಮೇಲೆ ಊರಿಗೆ ಸಂಶೋಧಕರು ಬಂದರು. ಒಬ್ಬರಲ್ಲ, ಇಬ್ಬರಲ್ಲ, ವರ್ಷ ವರ್ಷವೂ ಹೊಸ ಮುಖಗಳು. ಸೀಸೆಯಲ್ಲಿ ನೀರು ತುಂಬಿಕೊಂಡರು, ಚೀಲದಲ್ಲಿ ಮಣ್ಣು ಕಟ್ಟಿಕೊಂಡರು, ಸೊಪ್ಪು ಕೊಯ್ದರು, ಬಾವಿಗಳಿಗೆ ಗುರುತು ಹಾಕಿದರು. ಬಂದವರೆಲ್ಲ ಸಜ್ಜನರು, ವಿನಯದಿಂದ ಮಾತನಾಡಿಸಿದರು. ಊರಿನವರೂ ಮಜ್ಜಿಗೆ ಕೊಟ್ಟು ಉಪಚರಿಸಿದರು. ನನ್ನ ದೊಡ್ಡಪ್ಪನ ಬಾವಿಯಿಂದಲೂ ಒಮ್ಮೆ ನೀರು ಹೋಯಿತು. ಯಾವ ಸಂಸ್ಥೆಯವರು ಕೊಂಡುಹೋದರೆಂಬುದು ಇಲ್ಲಿ ಮುಖ್ಯವಲ್ಲ.

ಕೆಲವು ವರ್ಷ ಕಳೆದ ಮೇಲೆ ದೊಡ್ಡಪ್ಪ ಜಗಲಿಯಲ್ಲಿ ಕುಳಿತು ನನ್ನನ್ನು ಕೇಳಿದರು: “ಅಲ್ಲ ಕಣಪ್ಪ, ಸೀಸೇಲಿ ನೀರು ತಕ್ಕೊಂಡು ಹೋದ್ರಲ್ಲ, ಅದೇನಾಯ್ತು? ನೀನು ಓದಿದೋನು, ಒಸಿ ವಿಚಾರಿಸಬಾರದಾ?”

ಓದಿದವನಿಗೆ ಇದಕ್ಕಿಂತ ದೊಡ್ಡ ಚುಚ್ಚುಮಾತಿಲ್ಲ. ನೀರಿನ ಪ್ರಶ್ನೆ ಕೊನೆಗೆ ದೇಹದ ಪ್ರಶ್ನೆಯೇ ಆದ್ದರಿಂದ, ಪರಿಚಿತ ವೈದ್ಯರೊಬ್ಬರ ಸಲಹೆಯಂತೆ ವೈದ್ಯಕೀಯ ಗ್ರಂಥಾಲಯದ ಬಾಗಿಲಿಗೆ ಹೋದೆ. ಅಲ್ಲಿನ ಗ್ರಂಥಪಾಲಕಿ ನನ್ನ ಮಾತನ್ನು ನಗದೆ ಕೇಳಿದರು. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಾಗಿ ಬರೆಯಬಹುದೋ ಅಷ್ಟೂ ಬಗೆಯಲ್ಲಿ ಬರೆದು ಗಣಕಯಂತ್ರದಲ್ಲಿ ಹುಡುಕಿದರು. ಲೇಖನಗಳು ಸಾಲುಗಟ್ಟಿ ಬಂದವು: ಬೈರಮಂಗಲದ ನೀರು, ಬೈರಮಂಗಲದ ಮಣ್ಣು, ಬೈರಮಂಗಲದ ಸೊಪ್ಪು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಎಂಬ ಲೋಹಗಳ ಕೋಷ್ಟಕಗಳು. ಪ್ರತಿಯೊಂದು ಲೇಖನದ ಪಕ್ಕದಲ್ಲಿಯೂ ಒಂದು ಸಂಖ್ಯೆ. “ಇದೇನಮ್ಮ?” ಎಂದೆ. “ಈ ಲೇಖನವನ್ನು ಬೇರೆ ಎಷ್ಟು ಲೇಖನಗಳು ಉಲ್ಲೇಖಿಸಿವೆ ಎಂಬ ಲೆಕ್ಕ ಸಾರ್. ಇದರ ಮೇಲೆಯೇ ಸಂಶೋಧನೆಯ ಪ್ರಭಾವವನ್ನು ಅಳೆಯುತ್ತಾರೆ” ಎಂದರು. ಹೊರದೇಶಗಳ ವಿದ್ವಾಂಸರು ನಮ್ಮ ಊರನ್ನು ಉಲ್ಲೇಖಿಸಿದ್ದರು. ನನ್ನ ಊರು ಇಷ್ಟು ಪ್ರಸಿದ್ಧವೆಂದು ನನಗೆ ತಿಳಿದಿರಲಿಲ್ಲ, ಊರಿಗೂ ತಿಳಿದಿರಲಿಲ್ಲ. ‘ಲಾಭ’ ಎಂದು ಎಣಿಸುತ್ತಿದ್ದ ಕೊಳಗ ಆಗ ನೆನಪಾಯಿತು.

ಈ ಎಣಿಕೆ ಎಲ್ಲಿಂದ ಬಂತು? ಇದರ ಚರಿತ್ರೆ ಸ್ವಾರಸ್ಯವಾದುದು. ಅದು ಹುಟ್ಟಿದ್ದೇ ಗ್ರಂಥಾಲಯದ ಮನೆವಾರ್ತೆಯಲ್ಲಿ. ಕೈಯಲ್ಲಿ ಹಣ ಕಡಿಮೆ, ಜಗತ್ತಿನಲ್ಲಿ ಪತ್ರಿಕೆಗಳು ಹೆಚ್ಚು. ಯಾವುದನ್ನು ತರಿಸಬೇಕು, ಯಾವುದನ್ನು ಬಿಡಬೇಕು? 1927ರಲ್ಲಿ ಅಮೆರಿಕದ ಗ್ರಾಸ್ ಮತ್ತು ಗ್ರಾಸ್ ಎಂಬಿಬ್ಬರು ಸಣ್ಣ ಕಾಲೇಜುಗಳ ಗ್ರಂಥಾಲಯಗಳಿಗಾಗಿ ಈ ಪ್ರಶ್ನೆ ಹಾಕಿಕೊಂಡು, ರಸಾಯನಶಾಸ್ತ್ರದ ಒಂದು ಪ್ರಮುಖ ಪತ್ರಿಕೆಯಲ್ಲಿ ಬೇರೆ ಯಾವ ಪತ್ರಿಕೆಗಳ ಉಲ್ಲೇಖ ಎಷ್ಟು ಸಲ ಬಂದಿದೆಯೆಂದು ಎಣಿಸಿ ಪಟ್ಟಿ ಮಾಡಿದರು. ಸಂಸಾರಸ್ಥನೊಬ್ಬ ಸಂತೆಗೆ ಹೊರಡುವ ಮೊದಲು ಮಾಡಿಕೊಳ್ಳುವ ಪಟ್ಟಿಯಂತೆ ಅದು.

ಮುಂದೆ ಯೂಜೀನ್ ಗಾರ್‌ಫೀಲ್ಡ್ ಎಂಬಾತ ಬಂದ. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವೆಲ್ಚ್ ವೈದ್ಯಕೀಯ ಗ್ರಂಥಾಲಯದಲ್ಲಿ ವೈದ್ಯ ಸಾಹಿತ್ಯಕ್ಕೆ ಸೂಚಿ ತಯಾರಿಸುವ ಯೋಜನೆಯಲ್ಲಿ ಅವನು ಪಳಗಿದವನು. ಅಮೆರಿಕದ ವಕೀಲರ ಬಳಿ 1873ರಿಂದಲೂ ಒಂದು ಸೂಚಿ ಇತ್ತು: ಹಿಂದಿನ ಒಂದು ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿಹಿಡಿದಿವೆ, ಯಾವುವು ತಳ್ಳಿಹಾಕಿವೆ ಎಂದು ಅದು ತೋರಿಸುತ್ತಿತ್ತು. ವಿಜ್ಞಾನಕ್ಕೂ ಇಂಥದೊಂದು ಏಕಾಗಬಾರದೆಂದು ಗಾರ್‌ಫೀಲ್ಡ್ 1955ರಲ್ಲಿ ಬರೆದ. 1960ರ ದಶಕದಲ್ಲಿ ಅಂಥ ಸೂಚಿಯನ್ನು ಹೊರತಂದ. ಅದರಿಂದಲೇ ಪತ್ರಿಕೆಗಳ ಪ್ರಭಾವಾಂಕ ಹುಟ್ಟಿತು. ಅದರ ಲೆಕ್ಕ ಸುಲಭ. ಪತ್ರಿಕೆಯೊಂದು ಹಿಂದಿನ ಎರಡು ವರ್ಷಗಳಲ್ಲಿ 100 ಲೇಖನಗಳನ್ನು ಪ್ರಕಟಿಸಿ, ಅವು ಈ ವರ್ಷ 250 ಸಲ ಉಲ್ಲೇಖಗೊಂಡರೆ ಅದರ ಪ್ರಭಾವಾಂಕ 2.5.

ಲೆಕ್ಕವನ್ನು ಗ್ರಂಥಾಲಯಕ್ಕೆ ತರುವ ಆಲೋಚನೆ ನಮ್ಮವರಿಗೂ ಹೊಸದಲ್ಲ. ಶಿಯಾಳಿ ರಾಮಾಮೃತ ರಂಗನಾಥನ್ ಅವರು 1948ರಲ್ಲಿಯೇ ಗ್ರಂಥಾಲಯದ ಕೆಲಸವನ್ನು ಸಂಖ್ಯಾಶಾಸ್ತ್ರದಿಂದ ಅಳೆಯುವ ವಿದ್ಯೆಗೆ ‘ಲೈಬ್ರಮೆಟ್ರಿ’ ಎಂಬ ಹೆಸರಿಟ್ಟು ವಿದ್ವತ್ಸಭೆಯ ಮುಂದಿಟ್ಟರು. ಅವರು ಕೊನೆಯ ವರ್ಷಗಳನ್ನು ಕಳೆದುದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಗ್ರಂಥವಿರುವುದು ಬೀರುವಿನಲ್ಲಿ ಭದ್ರವಾಗಿರಲೆಂದಲ್ಲ, ಬಳಕೆಗೆಂದು ಎಂಬುದೇ ಅವರ ಶಾಸ್ತ್ರದ ತಳಹದಿ. ಅಳತೆಯೂ ಆ ಬಳಕೆಯನ್ನು ತಿಳಿಯುವುದಕ್ಕೇ ಹೊರತು ಬೇರೆಯದಕ್ಕಲ್ಲ.

ಆದರೆ ಕಾಲಕ್ರಮದಲ್ಲಿ ಏನಾಯಿತು? ಬೀರುವಿಗೆಂದು ಮಾಡಿದ ತಕ್ಕಡಿಯಲ್ಲಿ ಮನುಷ್ಯರನ್ನು ತೂಗಲಾರಂಭಿಸಿದರು. ಅಧ್ಯಾಪಕನ ಬಡ್ತಿ, ಸಂಶೋಧಕನ ಧನಸಹಾಯ, ಕಾಲೇಜಿನ ಸ್ಥಾನಮಾನ ಎಲ್ಲವೂ ಈ ಅಂಕೆಗಳಿಗೆ ಗಂಟುಬಿದ್ದವು. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿಯೂ ಮೇಲಿನ ಹುದ್ದೆ ಬೇಕಾದರೆ ಮಾನ್ಯ ಸೂಚಿಗಳಲ್ಲಿ ಸೇರಿದ ಪತ್ರಿಕೆಗಳಲ್ಲಿ ಲೇಖನಗಳು ಇರಬೇಕೆಂಬ ನಿಯಮ ಬಂತು. ಹಗಲೆಲ್ಲ ರೋಗಿಗಳನ್ನು ನೋಡಿ, ಸಂಜೆ ಪಾಠ ಹೇಳಿ, ರಾತ್ರಿ ನಿದ್ದೆಗೆಟ್ಟು ಲೇಖನ ಹೊಸೆಯುವ ತರುಣ ವೈದ್ಯರನ್ನು ನಾನು ಬಲ್ಲೆ. ಅವರಲ್ಲೊಬ್ಬರು ನನ್ನ ಶಿಷ್ಯರೇ. “ಮೇಷ್ಟ್ರೇ, ಓದುವವರಿಗಾಗಿ ಬರೆಯುತ್ತಿಲ್ಲ, ಎಣಿಸುವವರಿಗಾಗಿ ಬರೆಯುತ್ತಿದ್ದೇನೆ” ಎಂದು ಅವರು ಹೇಳಿದ್ದು ನನ್ನ ಮನಸ್ಸಿನಿಂದ ಮಾಸಿಲ್ಲ. ಈ ರೋಗ ನಮ್ಮ ದೇಶದ್ದು ಮಾತ್ರವಲ್ಲ. ಪತ್ರಿಕೆಯ ಪ್ರಭಾವಾಂಕದಿಂದ ಸಂಶೋಧಕನ ಯೋಗ್ಯತೆಯನ್ನು ನಿರ್ಣಯಿಸಬಾರದೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ವಿಜ್ಞಾನಿಗಳೂ ಸಂಪಾದಕರೂ ಒಂದು ಘೋಷಣೆಯನ್ನೇ ಹೊರಡಿಸಬೇಕಾಯಿತು.

ಹಾಗಾದರೆ ಅಳತೆಯೇ ಬೇಡವೆ? ನಾನು ಹಾಗೆನ್ನುವುದಿಲ್ಲ. ಸಂಶೋಧನೆಗೆ ವೆಚ್ಚವಾಗುವುದು ಬಹುಮಟ್ಟಿಗೆ ಸಾರ್ವಜನಿಕರ ಹಣ. ಅದರ ಲೆಕ್ಕ ಕೇಳುವ ಹಕ್ಕು ಸಾರ್ವಜನಿಕರಿಗಿದೆ. ಆದರೆ ರಾಗಿ ಅಳೆಯುವ ಕೊಳಗದಲ್ಲಿ ಬಟ್ಟೆಯನ್ನು ಅಳೆಯಬಾರದು, ಅಷ್ಟೆ. ಉಲ್ಲೇಖಗಳ ಎಣಿಕೆ ವಿದ್ವಾಂಸರು ತಮ್ಮೊಳಗೆ ನಡೆಸಿದ ಸಂಭಾಷಣೆಯನ್ನು ಅಳೆಯುತ್ತದೆ. ಅದಕ್ಕೆ ಅದು ಯೋಗ್ಯವಾದ ಸಾಧನವೂ ಹೌದು. ಸಂಭಾಷಣೆ ಮುಗಿದ ಮೇಲೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ಏನು ಬದಲಾಯಿತೆಂಬುದನ್ನು ಅದು ಹೇಳಲಾರದು.

ಇದನ್ನು ಹೇಳಬಲ್ಲವರು ಯಾರು? ವೈದ್ಯಕೀಯ ಗ್ರಂಥಪಾಲಕರು ಎಂಬುದು ನನ್ನ ಉತ್ತರ. ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬೆಕರ್ ವೈದ್ಯಕೀಯ ಗ್ರಂಥಾಲಯವೆಂಬುದಿದೆ. ಕಣ್ಣಿನ ಒತ್ತಡ ಹೆಚ್ಚಾದವರಿಗೆ ಮೊದಲೇ ಹನಿಮದ್ದು ಹಾಕಿದರೆ ಗ್ಲಾಕೋಮಾ ಎಂಬ ರೋಗವನ್ನು ತಡೆಯಬಹುದೆ, ಇಲ್ಲವೆ ತಡಮಾಡಬಹುದೆ ಎಂದು ನಡೆದ ಒಂದು ದೊಡ್ಡ ಅಧ್ಯಯನವನ್ನು ಅಲ್ಲಿನ ಗ್ರಂಥಪಾಲಕರು ಕೈಗೆತ್ತಿಕೊಂಡರು. ಉಲ್ಲೇಖಗಳನ್ನು ಎಣಿಸಿ ಸುಮ್ಮನಾಗದೆ, ಅದರ ಹೆಜ್ಜೆಗುರುತುಗಳನ್ನು ಬೆನ್ನುಹತ್ತಿದರು. ವೈದ್ಯರ ಚಿಕಿತ್ಸಾ ಸೂತ್ರಗಳಲ್ಲಿ ಅದು ಸೇರಿತೆ? ಪಠ್ಯಪುಸ್ತಕಕ್ಕೆ ಬಂತೆ? ವಿಮೆಯ ನಿಯಮಗಳನ್ನು ತಿದ್ದಿತೆ? ಸರ್ಕಾರದ ಕಾಗದಪತ್ರಗಳಲ್ಲಿ ಕಾಣಿಸಿತೆ? ಈ ಅನುಭವವನ್ನು ಅವರು 2010ರಲ್ಲಿ ಪ್ರಕಟಿಸಿದರು. ಅದರಿಂದ ಬೆಳೆದ ಮಾದರಿಯಲ್ಲಿ ಪ್ರಭಾವಕ್ಕೆ ಐದು ದಾರಿಗಳನ್ನು ಗುರುತಿಸಿದ್ದಾರೆ: ಜ್ಞಾನದ ಬೆಳವಣಿಗೆ, ಚಿಕಿತ್ಸೆಯಲ್ಲಿ ಬಳಕೆ, ಸಮುದಾಯದ ಹಿತ, ಶಾಸನ ಮತ್ತು ನೀತಿ, ಆರ್ಥಿಕ ಪ್ರಯೋಜನ. ಉಲ್ಲೇಖಗಳ ಎಣಿಕೆಗೆ ಈ ಐದರಲ್ಲಿ ಮೊದಲನೆಯ ದಾರಿಯಷ್ಟೇ ಕಾಣುತ್ತದೆ. ಸಂಶೋಧಕನಿಗೆ ಮುಂದಿನ ಪ್ರಯೋಗದ ಅವಸರ, ಅಧಿಕಾರಿಗೆ ಮುಂದಿನ ಕಡತದ ಅವಸರ. ಹಳೆಯ ಹೆಜ್ಜೆಯನ್ನು ತಾಳ್ಮೆಯಿಂದ ಹುಡುಕುವ ವಿದ್ಯೆ ಗ್ರಂಥಪಾಲಕನದು.

ಈ ಐದು ದಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕನ್ನಡಿಗರ ನೆರೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ನೋಡೋಣ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಯಲ್ಲಿ ಪಡ್ರೆ ಎಂಬ ಊರಿದೆ. ಕನ್ನಡ, ತುಳು ಮಾತನಾಡುವ ಗುಡ್ಡಗಾಡು. ಅಲ್ಲಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದರು. ಊರಿನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮ ಬಳಿ ಬರುತ್ತಿದ್ದ ರೋಗಿಗಳಲ್ಲಿ ನರದೌರ್ಬಲ್ಯ, ಬುದ್ಧಿಮಾಂದ್ಯ, ಅರ್ಬುದ ಮುಂತಾದುವು ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿದರು. 1990ರ ದಶಕದಲ್ಲಿ ಕೇರಳದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಕಾಗದ ಬರೆದರು. ಕೃಷಿಕ ಪತ್ರಕರ್ತರಾದ ಶ್ರೀ ಪಡ್ರೆಯವರು ವಿಷಯವನ್ನು ಜನರ ಮುಂದಿಟ್ಟರು. 2000ದ ಕೊನೆಗೆ ಸಿಂಪರಣೆ ನಿಂತಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಅಲ್ಲಿಗೆ ಬಂದು ಶಾಲೆಯ ಮಕ್ಕಳನ್ನು ಪರೀಕ್ಷಿಸಿ 2002ರಲ್ಲಿ ವರದಿ ಕೊಟ್ಟರು. ಆ ವರದಿಯ ಮೇಲೆ ವಾದವಿವಾದಗಳೂ ನಡೆದವು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಆ ವಿಷವನ್ನು ತ್ಯಾಜ್ಯವಸ್ತುಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶದಲ್ಲೆಲ್ಲ ತಡೆಯಿತು. 2017ರಲ್ಲಿ ನೊಂದವರಿಗೆ ಪರಿಹಾರ ಕೊಡುವಂತೆ ಆಜ್ಞಾಪಿಸಿತು.

ಹಳ್ಳಿಯ ವೈದ್ಯರೊಬ್ಬರ ಕಾಗದವನ್ನು ಪ್ರಭಾವಾಂಕದ ತಕ್ಕಡಿಯಲ್ಲಿಟ್ಟರೆ ಮುಳ್ಳು ಅಲುಗುವುದೆ? ಪತ್ರಿಕೆಗೆ ಬರೆದ ಕಾಗದವನ್ನು ಸಂಶೋಧನಾ ಲೇಖನವೆಂದು ಗಣಿಸುವ ವಾಡಿಕೆಯೂ ಇಲ್ಲ. ಆದರೆ ಅದರ ಹೆಜ್ಜೆಯನ್ನು ಹಿಡಿದು ಹೊರಟವನು ಪಡ್ರೆಯಿಂದ ಅಹಮದಾಬಾದಿಗೆ, ಅಲ್ಲಿಂದ ಜಿನೀವಾದ ಸಭೆಗೆ, ದೆಹಲಿಯ ನ್ಯಾಯಪೀಠಕ್ಕೆ ನಡೆದು, ತಿರುಗಿ ಪಡ್ರೆಯ ಮನೆಬಾಗಿಲಿಗೇ ಬಂದು ನಿಲ್ಲುತ್ತಾನೆ.

ಇನ್ನೊಂದು ಊರು ಇದಕ್ಕೆ ವಿರುದ್ಧವಾದ ನಿದರ್ಶನ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಸೊಂಟದ ಕೀಲುಗಳನ್ನು ಕುಗ್ಗಿಸುವ, ನಡೆಯುವ ಶಕ್ತಿಯನ್ನೇ ಕಸಿಯುವ ಒಂದು ರೋಗ ಬೆಳಕಿಗೆ ಬಂತು. ನೊಂದವರಲ್ಲಿ ಹೆಚ್ಚಿನವರು ದಲಿತ ಕೂಲಿಕಾರರು. ದೊಡ್ಡ ಸಂಸ್ಥೆಗಳು ಅಧ್ಯಯನ ನಡೆಸಿ ಅದು ವಂಶಪಾರಂಪರ್ಯವಾದ ಎಲುಬಿನ ದೋಷವೆಂದು ಕಂಡುಕೊಂಡವು. ಊರಿನ ಹೆಸರು ರೋಗಕ್ಕೆ ಅಂಟಿಕೊಂಡು ವೈದ್ಯಗ್ರಂಥಗಳಲ್ಲಿ ಸೇರಿತು. ರೋಗವನ್ನು ನಿರ್ಮೂಲ ಮಾಡುವ ಮದ್ದು ಮಾತ್ರ ದೊರೆತಿಲ್ಲ. ಜ್ಞಾನದ ದಾರಿಯಲ್ಲಿ ಹಂದಿಗೋಡು ಬಹುದೂರ ಹೋಗಿದೆ; ಉಳಿದ ದಾರಿಗಳಲ್ಲಿ ಊರು ಇನ್ನೂ ಕಾಯುತ್ತಿದೆ. ಇದರಲ್ಲಿ ಸಂಶೋಧಕರ ತಪ್ಪಿದೆಯೆಂದು ನಾನು ಹೇಳುತ್ತಿಲ್ಲ. ಆದರೆ ಉಲ್ಲೇಖಗಳ ಕೊಳಗ ಪಡ್ರೆಗೂ ಹಂದಿಗೋಡಿಗೂ ಇರುವ ಅಂತರವನ್ನು ತೋರಿಸಲಾರದು ಎಂಬುದು ನಿಶ್ಚಯ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ತೂಕವಾದುದು. ಜ್ಞಾನಕ್ಕಾಗಿಯೇ ಜ್ಞಾನವನ್ನು ಅರಸುವವರ ಗತಿಯೇನು? ಎಲ್ಲ ಸಂಶೋಧನೆಯಿಂದಲೂ ಒಡನೆಯೇ ಫಲ ಕೇಳಿದರೆ ಬೀಜ ಬಿತ್ತಿದ ಮರುದಿನ ತೆನೆ ಕೇಳಿದಂತಾಗದೆ? ನಿಜ. ಮೆಂಡೆಲ್ ಬಟಾಣಿ ಗಿಡಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1866ರಲ್ಲಿ ಪ್ರಕಟಿಸಿದ. ಲೋಕ ಅದರ ಬೆಲೆಯನ್ನು ಅರಿತದ್ದು 1900ರಲ್ಲಿ. ನಡುವಿನ 34 ವರ್ಷ ಅದನ್ನು ಕಾಪಾಡಿದ್ದು ಗ್ರಂಥಾಲಯಗಳ ಬೀರುಗಳೇ. ಆದರೆ ಈ ನಿದರ್ಶನ ನನ್ನ ಪಕ್ಷವನ್ನೇ ಬಲಪಡಿಸುತ್ತದೆ. ಎರಡು ವರ್ಷಗಳ ಉಲ್ಲೇಖವನ್ನು ಎಣಿಸುವ ಲೆಕ್ಕ ಮೆಂಡೆಲನಿಗೆ ಸೊನ್ನೆ ಕೊಡುತ್ತಿತ್ತು. ಕಾಯುವ ತಾಳ್ಮೆಯೂ ಹೆಜ್ಜೆ ಹಿಡಿಯುವ ವಿದ್ಯೆಯೂ ಇರುವವನೇ ನಿಜವಾಗಿ ಅಳೆಯಬಲ್ಲ. ಅಲ್ಲದೆ, ಒಂದು ಊರಿನ ಬಾವಿಯ ನೀರನ್ನು ಕೊಂಡುಹೋದವರ ಸಂಗತಿ ಮೆಂಡೆಲನ ಬಟಾಣಿಯಂತಲ್ಲ. ಆ ಊರಿನವರಿಗೆ ಅವರ ಬಾವಿಯ ವಿಷಯವನ್ನು ತಿಳಿಸುವುದು ಭವಿಷ್ಯದ ಫಲವಲ್ಲ, ಇಂದಿನ ಋಣ.

ಆದ್ದರಿಂದ ನನ್ನದೊಂದು ಸೂಚನೆ. ಬೆಕರ್ ಗ್ರಂಥಾಲಯದವರ ಐದು ದಾರಿಗಳಿಗೆ ನಾವು ಆರನೆಯದೊಂದನ್ನು ಸೇರಿಸಬೇಕು: ಹಿಂದಿರುಗುವ ದಾರಿ. ಮಾದರಿ ಎಲ್ಲಿಂದ ಹೋಯಿತೋ ಅಲ್ಲಿಗೆ ಫಲಿತಾಂಶ ಮರಳಿತೆ? ಆ ಜನರ ಭಾಷೆಯಲ್ಲಿ ಮರಳಿತೆ? ಪ್ರತಿಯೊಂದು ವೈದ್ಯಕೀಯ ಗ್ರಂಥಾಲಯವೂ ತನ್ನ ಕಾಲೇಜಿನ ಸಂಶೋಧನೆಗಳಿಗೆ ಒಂದು ದಫ್ತರವನ್ನಿಟ್ಟು ಈ ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಡಲಿ. ಎರಡು ಪುಟದ ಕನ್ನಡ ಸಾರಾಂಶ ಗ್ರಾಮ ಪಂಚಾಯತಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಲುಪಿದ ಹೊರತು ಪ್ರಬಂಧದ ಲೆಕ್ಕ ಮುಗಿಯದಿರಲಿ.

ಇದಕ್ಕೆ ಬೇಕಾದ ಕಟ್ಟಡವಾಗಲಿ ಯಂತ್ರವಾಗಲಿ ಹೊಸದಾಗಿ ಬೇಕಾಗಿಲ್ಲ. 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿಯೇ ‘ಹೆಲಿನೆಟ್’ ಎಂಬ ಜಾಲದ ಮೂಲಕ ತನ್ನ ಕಾಲೇಜುಗಳ ಗ್ರಂಥಾಲಯಗಳನ್ನು ಕೂಡಿಸಿ, ಹೊರಗಿನ ಪತ್ರಿಕೆಗಳನ್ನು ಒಳಗೆ ತರುವ ಕಾಲುವೆಯೊಂದನ್ನು ತೋಡಿತು. ಅದೇ ಕಾಲುವೆಯಲ್ಲಿ ಒಳಗಿನ ತಿಳಿವು ಹೊರಗೆ, ಹಳ್ಳಿಗೆ ಹರಿಯಬಾರದೆ? ಆ ವಿಶ್ವವಿದ್ಯಾಲಯದ ಆವರಣ ರಾಮನಗರಕ್ಕೆ ಬರಬೇಕೆಂಬ ಮಾತು ವರ್ಷಗಳಿಂದ ಕೇಳಿಬಂದಿದೆ. ಅದರ ಗ್ರಂಥಾಲಯದಲ್ಲಿ ನಮ್ಮಂಥ ಊರಿನವರು ಹೋಗಿ ಕೇಳಬಹುದಾದ ಒಂದು ಮೇಜು ಇರಲಿ ಎಂಬುದು ನನ್ನ ಆಸೆ.

ಅಂದು ಆ ಗ್ರಂಥಪಾಲಕಿ ಲೇಖನಗಳನ್ನು ಅಚ್ಚುಮಾಡಿ ಕೊಟ್ಟರು. ಕಠಿಣವಾದ ಮಾತುಗಳನ್ನು ಬಿಡಿಸಿ ಹೇಳಿದರು. ನಾನು ಮನೆಗೆ ಬಂದು ಮೂರು ರಾತ್ರಿ ಕುಳಿತು ಎರಡು ಪುಟ ಕನ್ನಡದಲ್ಲಿ ಬರೆದೆ. ಭಾನುವಾರ ಜಗಲಿಯ ಮೇಲೆ ದೊಡ್ಡಪ್ಪನಿಗೂ ನೆರೆಯ ನಾಲ್ವರಿಗೂ ಓದಿ ಹೇಳಿದೆ. ಎಲ್ಲರೂ ಗಮನವಿಟ್ಟು ಕೇಳಿದರು. ಯಾರೂ ನಡುವೆ ಏಳಲಿಲ್ಲ.

ಮುಗಿದ ಮೇಲೆ ದೊಡ್ಡಪ್ಪ ಕೇಳಿದರು: “ಇಷ್ಟೆಲ್ಲ ಸರಿ ಕಣಪ್ಪ. ಹಂಗಾದ್ರೆ ನಮ್ಮ ಬಾವಿ ನೀರ ಹಸೀಗೆ ಕುಡಿಸ್ಬೋದಾ, ಬ್ಯಾಡ್ವಾ?”

ನನ್ನ ಕೈಯಲ್ಲಿದ್ದ ಯಾವ ಲೇಖನದಲ್ಲಿಯೂ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಬಾವಿಗಳಿಗೆ ಅಂಕೆಯಿತ್ತು, ಒಡೆಯರ ಹೆಸರಿರಲಿಲ್ಲ. ದೊಡ್ಡಪ್ಪನ ಬಾವಿ ಅವುಗಳಲ್ಲಿ ಯಾವುದೆಂದು ಗುರುತಿಸುವ ದಾರಿಯಿರಲಿಲ್ಲ. ಮರುವಾರ ಮತ್ತೆ ಗ್ರಂಥಾಲಯಕ್ಕೆ ಹೋಗಿ ಆ ಪ್ರಶ್ನೆಯನ್ನು, ದೊಡ್ಡಪ್ಪ ಕೇಳಿದ ಮಾತಿನಲ್ಲಿಯೇ, ಗ್ರಂಥಪಾಲಕಿಯ ಕೈಗೆ ಬರೆದುಕೊಟ್ಟು ಬಂದಿದ್ದೇನೆ. ಅವರು ಅದನ್ನು ಆ ಲೇಖನಗಳ ಕಡತದಲ್ಲಿಯೇ ಸೇರಿಸಿಟ್ಟರು. ಮುಂದೆ ನಮ್ಮ ಊರಿಗೆ ಸೀಸೆ ಹಿಡಿದು ಬರುವವರು ಮೊದಲು ಅದನ್ನು ಓದಿಕೊಂಡು ಬರಲಿ.